ಪಕ್ಕೆಯ ಮೇಲಿನ ಗುರುತು: ಲಾಂದ್ರ ಶಾರ್ಕ್‌ಗಳ ಕುಟುಂಬ ಮತ್ತು ಅದರ ವರ್ಗೀಕರಣ

ಆಳಸಮುದ್ರದ ಒಂದು ಶಾರ್ಕ್ ಕುಟುಂಬದ ವಂಶವೃಕ್ಷವನ್ನು ನನ್ನ ಟಿಪ್ಪಣಿ ಪುಸ್ತಕದ ಒಂದು ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅದನ್ನು ಬರೆದದ್ದು ಪೆನ್ಸಿಲ್ಲಿನಲ್ಲಿ. ಶಾಯಿಯಲ್ಲಿ ತಿದ್ದಿ ಬರೆಯುವ ಧೈರ್ಯ ಇನ್ನೂ ಬಂದಿಲ್ಲ. ಒಂದು ಕೊಂಬೆಯನ್ನು ಅಳಿಸಿ ಇನ್ನೊಂದರ ಪಕ್ಕಕ್ಕೆ ಸೇರಿಸಿದ್ದೇನೆ, ಎರಡು ಹೆಸರುಗಳನ್ನು ಕೂಡಿಸಿ ಒಂದು ಮಾಡಿದ್ದೇನೆ, ಹೊಸ ಹೆಸರುಗಳನ್ನು ಅಂಚಿನಲ್ಲಿ ಜಾಗ ಮಾಡಿಕೊಂಡು ಬರೆದಿದ್ದೇನೆ. ಈ ತಿದ್ದುಪಡಿಗಳೆಲ್ಲ ಯಾರದೋ ಅಜಾಗರೂಕತೆಯಿಂದ ಬಂದವು ಎಂದು ಮೊದಮೊದಲು ಅನ್ನಿಸುತ್ತಿತ್ತು. ಓದುತ್ತ ಹೋದಂತೆ, ಪ್ರಾಣಿಯ ಯಾವ ಅಂಗದ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಒಂದೇ ಪ್ರಶ್ನೆ ಆ ಎಲ್ಲ ತಿದ್ದುಪಡಿಗಳ ಹಿಂದೆ ಇರುವುದು ಕಾಣಿಸತೊಡಗಿತು. ಆ ಪ್ರಶ್ನೆಯ ಕಾರಣಕ್ಕೇ ಈ ಕುಟುಂಬ ನನಗೆ ಅಚ್ಚುಮೆಚ್ಚಿನದಾಗಿದೆ.

ಕುಟುಂಬದ ವೈಜ್ಞಾನಿಕ ಹೆಸರು ಎಟ್ಮಾಪ್ಟೆರಿಡೇ. ಇದರ ಸದಸ್ಯರನ್ನು ನಾನು ಲಾಂದ್ರ ಶಾರ್ಕ್‌ಗಳೆಂದು ಕರೆಯುತ್ತೇನೆ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ತಮ್ಮ ಮೈಯಿಂದಲೇ ಮಂದವಾದ ನೀಲಿ ಬೆಳಕನ್ನು ಹೊರಸೂಸುತ್ತವೆ. ಶಾರ್ಕ್ ಎಂದೊಡನೆ ಮನಸ್ಸಿಗೆ ಬರುವ ಬೃಹತ್ ಗಾತ್ರವನ್ನು ಇಲ್ಲಿ ಮರೆತುಬಿಡಬೇಕು. ಇವುಗಳಲ್ಲಿ ಬಹುಪಾಲು ಮೊಳಕೈ ಉದ್ದವನ್ನು ಹೆಚ್ಚೇನೂ ಮೀರುವುದಿಲ್ಲ, ಒಂದು ಮೀಟರಿನಷ್ಟು ಬೆಳೆಯುವವು ಬೆರಳೆಣಿಕೆಯವು. ಕೊಲಂಬಿಯಾ ಮತ್ತು ವೆನೆಜುವೆಲಾ ದೇಶಗಳ ಕೆರಿಬಿಯನ್ ಕರಾವಳಿಯಾಚೆ ಸುಮಾರು 280ರಿಂದ 440 ಮೀಟರ್ ಆಳದಲ್ಲಿ ಸಿಕ್ಕಿರುವ ಎಟ್ಮಾಪ್ಟೆರಸ್ ಪೆರ್ರಿಯೈ ಎಂಬ ಕುಬ್ಜ ಪ್ರಭೇದವಂತೂ ಪೂರ್ಣ ಬೆಳೆದಾಗಲೂ ಸುಮಾರು 20 ಸೆಂಟಿಮೀಟರ್ ಮಾತ್ರ; ಜಗತ್ತಿನ ಅತಿ ಚಿಕ್ಕ ಶಾರ್ಕ್‌ಗಳ ಸಾಲಿನಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನವಿದೆ. ಇಂದು ಈ ಕುಟುಂಬದಲ್ಲಿ ಐವತ್ತಕ್ಕೂ ಮಿಕ್ಕಿ ಪ್ರಭೇದಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಬಹುಪಾಲು ಎಟ್ಮಾಪ್ಟೆರಸ್ ಎಂಬ ಒಂದೇ ಕುಲಕ್ಕೆ ಸೇರಿವೆ.

ಇವುಗಳ ಪೈಕಿ ಮೊದಲು ಹೆಸರು ಪಡೆದದ್ದು ಯೂರೋಪಿನ ಸಮುದ್ರಗಳ ಕಪ್ಪು ಹೊಟ್ಟೆಯ ಲಾಂದ್ರ ಶಾರ್ಕ್. 1758ರಲ್ಲಿ ಲಿನೇಯಸ್ ಅದನ್ನು ಸ್ಕ್ವಾಲಸ್ ಸ್ಪಿನಾಕ್ಸ್ ಎಂದು ಕರೆದ. ಸ್ಕ್ವಾಲಸ್ ಎಂಬುದು ಅವನ ಕಾಲಕ್ಕೆ ಬಲು ದೊಡ್ಡ ಬುಟ್ಟಿ. ಅವನಿಗೆ ಗೊತ್ತಿದ್ದ ಶಾರ್ಕ್‌ಗಳೆಲ್ಲ ಹೆಚ್ಚು ಕಡಿಮೆ ಅದರೊಳಗೇ ಇದ್ದವು. ಎಟ್ಮಾಪ್ಟೆರಸ್ ಎಂಬ ಕುಲನಾಮವನ್ನು 1810ರಲ್ಲಿ ರಾಫಿನೆಸ್ಕ್ ಕೊಟ್ಟ. ಹೆನ್ರಿ ಫೌಲರ್ 1934ರಲ್ಲಿ ಈ ಗುಂಪಿಗೆ ಆ ಕುಲದಿಂದಲೇ ಹೆಸರನ್ನು ರೂಪಿಸಿದ್ದರೂ, ಅದು ಸ್ವತಂತ್ರ ಕುಟುಂಬವಾಗಿ ನೆಲೆಗೊಳ್ಳಲು ಬಹುಕಾಲ ಹಿಡಿಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಲಿಯೊನಾರ್ಡ್ ಕಂಪಾನೊ 1984ರಲ್ಲಿ ಸಿದ್ಧಪಡಿಸಿದ, ಇಂದಿಗೂ ಶಾರ್ಕ್ ಅಧ್ಯಯನಕಾರರು ಕೈಗೆತ್ತಿಕೊಳ್ಳುವ ಪಟ್ಟಿಯಲ್ಲಿ ಲಾಂದ್ರ ಶಾರ್ಕ್‌ಗಳು ಸ್ಕ್ವಾಲಿಡೇ ಎಂಬ ವಿಶಾಲ ಕುಟುಂಬದೊಳಗೇ ಇವೆ. ಮರುವರ್ಷ ವಿಕ್ಟರ್ ಸ್ಪ್ರಿಂಗರ್ ಮತ್ತು ಜಾರ್ಜ್ ಬರ್ಜೆಸ್ ಮೇಲೆ ಹೇಳಿದ ಕುಬ್ಜ ಪ್ರಭೇದವನ್ನು ವಿವರಿಸಿದಾಗಲೂ ಲೇಖನದ ತಲೆಬರಹದಲ್ಲಿ ಸ್ಕ್ವಾಲಿಡೇ ಎಂದೇ ನಮೂದಿಸಿದ್ದರು. 1992ರಲ್ಲಿ ಜಪಾನಿನ ಶಿಗೆರು ಶಿರಾಯಿ, ಅಸ್ಥಿಪಂಜರ ಮತ್ತು ಸ್ನಾಯುಗಳನ್ನು ಕೂಲಂಕಷವಾಗಿ ಬಿಡಿಸಿ ನೋಡಿ ಈ ಇಡೀ ಬಳಗಕ್ಕೆ ಹೊಸ ಚೌಕಟ್ಟು ಕಟ್ಟಿದ ಮೇಲೆ ಹಳೆಯ ಬುಟ್ಟಿ ನಿಜವಾಗಿ ಒಡೆಯಿತೆನ್ನಬಹುದು. ಈಗ ಸ್ಕ್ವಾಲಿಫಾರ್ಮಿಸ್ ಗಣದೊಳಗೆ ಸ್ಕ್ವಾಲಿಡೇ, ಸೆಂಟ್ರೊಫೋರಿಡೇ, ಸೋಮ್ನಿಯೋಸಿಡೇ, ಆಕ್ಸಿನೋಟಿಡೇ, ಡಲಾಟಿಯಿಡೇಗಳ ಜೊತೆ ಎಟ್ಮಾಪ್ಟೆರಿಡೇ ತನ್ನದೇ ಮನೆ ಹೊಂದಿದೆ.

ಗಣದ ಗುರುತು ಸರಳ: ಬಾಲದ ಬಳಿ ಕೆಳಭಾಗದಲ್ಲಿ ಇತರ ಹೆಚ್ಚಿನ ಶಾರ್ಕ್‌ಗಳಿಗೆ ಇರುವ ಗುದ ಈಜುರೆಕ್ಕೆ ಇವುಗಳಿಗೆ ಇರುವುದಿಲ್ಲ. ಲಾಂದ್ರ ಶಾರ್ಕ್‌ಗಳಲ್ಲಿ ಇದರ ಜೊತೆಗೆ ಬೆನ್ನಿನ ಎರಡು ಈಜುರೆಕ್ಕೆಗಳ ಮುಂದೆಯೂ ತೋಡು ಬಿದ್ದ ಗಟ್ಟಿ ಮುಳ್ಳೊಂದಿದ್ದು, ಹಿಂದಿನ ಮುಳ್ಳು ಸಾಮಾನ್ಯವಾಗಿ ಮುಂದಿನದಕ್ಕಿಂತ ಉದ್ದವಾಗಿರುತ್ತದೆ. ಕುಟುಂಬವನ್ನು ಕುಲಗಳಾಗಿ ವಿಂಗಡಿಸುವ ಹೊತ್ತಿಗೆ ಮಾತ್ರ ಕಣ್ಣು ಬಾಯಿಯ ಕಡೆಗೆ ತಿರುಗಬೇಕು.

ಎಟ್ಮಾಪ್ಟೆರಸ್ ಕುಲದ ಮೀನಿನ ಮೇಲ್ದವಡೆಗೂ ಕೆಳದವಡೆಗೂ ಹೋಲಿಕೆಯೇ ಇಲ್ಲ. ಮೇಲಿನ ಹಲ್ಲುಗಳಲ್ಲಿ ನಡುವಿನ ದೊಡ್ಡ ಮೊನೆಯ ಇಕ್ಕೆಲಗಳಲ್ಲಿ ಚಿಕ್ಕ ಮೊನೆಗಳಿರುತ್ತವೆ. ಕೆಳಗಿನ ಹಲ್ಲುಗಳು ಒಂದಕ್ಕೊಂದು ಹೆಣೆದುಕೊಂಡು, ಓರೆಯಾದ ಒಂದೇ ಅಲಗಿನಂತಾಗಿರುತ್ತವೆ. ಮೇಲಿನದು ಬೇಟೆಯನ್ನು ಹಿಡಿದು ನಿಲ್ಲಿಸುತ್ತದೆ, ಕೆಳಗಿನದು ಕೊಯ್ಯುತ್ತದೆ. ಸೆಂಟ್ರೋಸಿಲಿಯಂ ಎಂಬ ಏಳು ಪ್ರಭೇದಗಳ ಕುಲದಲ್ಲಿ ಎರಡೂ ದವಡೆಗಳಲ್ಲಿ ಬಹುಮೊನೆಯ ಸಣ್ಣ ಹಲ್ಲುಗಳೇ ಇವೆ. ಈ ಕುಲದ ಸೆಂಟ್ರೋಸಿಲಿಯಂ ಆರ್ನೇಟಮ್ ಅನ್ನು 1889ರಲ್ಲಿ ವಿವರಿಸಿದವರು ಇನ್ವೆಸ್ಟಿಗೇಟರ್ ಹಡಗಿನಲ್ಲಿ ವೈದ್ಯರೂ ಪ್ರಕೃತಿ ವಿಜ್ಞಾನಿಯೂ ಆಗಿದ್ದ ಆಲ್ಕಾಕ್. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಆಳವೇ ಅದರ ವಾಸಸ್ಥಾನ. ಪೆರು ಮತ್ತು ಚಿಲಿಯ ಕಡಲಿನ ಅಕ್ಯೂಲಿಯೋಲಾ ನೈಗ್ರಾ ಒಂಟಿ ಪ್ರಭೇದದ ಕುಲ, ಅದರ ಹಲ್ಲುಗಳು ಪುಟ್ಟ ಕೊಕ್ಕೆಗಳಂತಿವೆ.

ನಾಲ್ಕನೆಯ ಕುಲದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1986ರಲ್ಲಿ ಜಪಾನಿನ ವಾಕಾಯಾಮಾ ಪ್ರಾಂತದ ಶಿಯೊನೊಮಿಸಾಕಿ ಭೂಶಿರದಾಚೆ ಸೇರ್ಯೊ ಮಾರು ಎಂಬ ಟ್ರಾಲರ್ ದೋಣಿಯ ಬಲೆಗೆ ಎರಡು ವಿಚಿತ್ರ ಶಾರ್ಕ್‌ಗಳು ಬಿದ್ದವು. ಅವುಗಳ ದವಡೆಗಳು ತ್ರಿಕೋನಾಕಾರವಾಗಿದ್ದು, ಬೇಟೆ ಎದುರಾದಾಗ ಮುಖದಿಂದ ಮುಂದಕ್ಕೆ ಚಾಚಿಕೊಳ್ಳಬಲ್ಲವಾಗಿದ್ದವು. ಅವುಗಳಲ್ಲಿ ವಿರಳವಾಗಿ ಜೋಡಿಸಿದಂತಿದ್ದ ಉದ್ದನೆಯ ಹಲ್ಲುಗಳು ಹಾವಿನ ವಿಷದ ಹಲ್ಲುಗಳನ್ನು ನೆನಪಿಸುವಂತಿದ್ದವು. ಕೆಂಜಿ ಮೊಚಿಝುಕಿ ಮತ್ತು ಫುಮಿಯೊ ಓಹೆ 1990ರಲ್ಲಿ ಇದಕ್ಕೆ ಟ್ರಿಗೊನೊಗ್ನಾಥಸ್ ಕಬೆಯಾಯ್ ಎಂದು ಹೆಸರಿಟ್ಟರು. ಮೊದಲ ಪದದ ಅರ್ಥ ತ್ರಿಕೋನ ದವಡೆ ಎಂದು. ಎರಡನೆಯದು ಆ ದೋಣಿಯ ನಾಯಕ ಹಿರೊಮಿಚಿ ಕಬೆಯಾ ಅವರ ಹೆಸರು. ಬಲೆಯಲ್ಲಿ ಬಂದದ್ದನ್ನು ಬೇಡವೆಂದು ಎಸೆಯದೆ ಕಾದಿಟ್ಟವರ ಹೆಸರು ಒಂದು ಜೀವಿಯ ಹೆಸರಿನಲ್ಲಿ ಉಳಿದಿರುವುದು ನ್ಯಾಯವಾದದ್ದೆಂದು ನನ್ನ ಭಾವನೆ. ಈ ಕುಟುಂಬದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಮೀನುಗಾರರ ಬಲೆಯ ಮೂಲಕವೇ ಬಂದಿದೆ.

ಇಷ್ಟಾದರೆ ಹಲ್ಲುಗಳ ಆಧಾರದಲ್ಲೇ ಎಲ್ಲವನ್ನೂ ವಿಂಗಡಿಸಿಬಿಡಬಹುದಲ್ಲ ಎನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು, ವಂಶವೃಕ್ಷದ ಮೊದಲ ಕರಡನ್ನು ಹಲ್ಲುಗಳ ಮೇಲೆಯೇ ಬರೆದಿದ್ದೆ. ಅದನ್ನು ಅಳಿಸುವಂತೆ ಮಾಡಿದ್ದು ಜಪಾನಿನ ದಕ್ಷಿಣಕ್ಕೆ ಸಮುದ್ರದೊಳಗೆ ಚಾಚಿರುವ ಕ್ಯುಶು–ಪಲಾವ್ ಪರ್ವತಶ್ರೇಣಿಯಲ್ಲಿ ದೊರೆತ ಒಂದು ಶಾರ್ಕ್. ಡೊಲ್ಗಾನೊವ್ 1986ರಲ್ಲಿ ಅದನ್ನು, ಹಲ್ಲುಗಳ ಹೋಲಿಕೆ ನೋಡಿ, ಸೆಂಟ್ರೋಸಿಲಿಯಂ ಕುಲಕ್ಕೆ ಸೇರಿಸಿದ. 1990ರಲ್ಲಿ ಶಿರಾಯಿ ಮತ್ತು ನಕಾಯಾ ಅದು ಅಲ್ಲಿಯೂ ಹೊಂದುವುದಿಲ್ಲ, ಎಟ್ಮಾಪ್ಟೆರಸ್‌ನಲ್ಲಿಯೂ ಹೊಂದುವುದಿಲ್ಲ ಎಂದು ವಾದಿಸಿ, ಮೈರೋಸಿಲಿಯಂ ಎಂಬ ಹೊಸ ಕುಲವನ್ನೇ ಅದಕ್ಕಾಗಿ ರಚಿಸಿದರು. ಮುಂದೆ ಡಿಎನ್‌ಎ ಹೋಲಿಸಿ ನೋಡಿದಾಗ ಆ ಮೀನು ಎಟ್ಮಾಪ್ಟೆರಸ್‌ನ ಕೊಂಬೆಗಳ ನಡುವೆಯೇ ಬಂದು ಕುಳಿತಿತು. ಆದ್ದರಿಂದ ಇಂದು ಹಲವರು ಅದನ್ನು ಎಟ್ಮಾಪ್ಟೆರಸ್ ಶೇಕೊಯ್ ಎಂದು ಬರೆಯುತ್ತಾರೆ, ಕೆಲವರು ಹಳೆಯ ಕುಲನಾಮವನ್ನು ಉಳಿಸಿಕೊಂಡಿದ್ದಾರೆ. ಕುಟುಂಬದಲ್ಲಿ ನಾಲ್ಕು ಕುಲಗಳೆಂದು ಒಂದು ಕಡೆ, ಐದೆಂದು ಇನ್ನೊಂದು ಕಡೆ ಓದುಗರಿಗೆ ಕಾಣುವುದು ಇದರಿಂದಲೇ. ಹಲ್ಲು ಆಹಾರಕ್ಕೆ ತಕ್ಕಂತೆ ರೂಪ ಬದಲಿಸುವ ಅಂಗವಾದ್ದರಿಂದ, ಬಹುಮೊನೆಯ ಹಲ್ಲುಗಳು ಸಂಬಂಧವಿಲ್ಲದ ಎರಡು ಕವಲುಗಳಲ್ಲಿ ಬೇರೆ ಬೇರೆಯಾಗಿ ಮೂಡಬಹುದೆಂಬುದನ್ನು ಈ ಒಂದು ಮೀನು ಮನದಟ್ಟು ಮಾಡಿಸುತ್ತದೆ. ಡಿಎನ್‌ಎಯ ತೀರ್ಪನ್ನು ಒಪ್ಪುವವರ ಪಕ್ಷದಲ್ಲಿ ನಾನಿದ್ದೇನೆ, ನನ್ನ ಪುಟದಲ್ಲಿ ಮೈರೋಸಿಲಿಯಂ ಈಗಿಲ್ಲ.

ನಲವತ್ತಕ್ಕೂ ಹೆಚ್ಚು ಪ್ರಭೇದಗಳಿರುವ ಎಟ್ಮಾಪ್ಟೆರಸ್‌ನ ಒಳಗೆ ಹೊಕ್ಕಾಗ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಎಲ್ಲವೂ ಕಂದು ಅಥವಾ ಕಪ್ಪು, ಎಲ್ಲವಕ್ಕೂ ದೊಡ್ಡ ಕಣ್ಣು, ಎಲ್ಲವಕ್ಕೂ ಅದೇ ಮುಳ್ಳು. ನಿಕೊಲಾಸ್ ಸ್ಟ್ರಾಬೆ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನದಲ್ಲಿ ಈ ಕುಲ ನಾಲ್ಕು ಕವಲುಗಳಾಗಿ ಒಡೆಯಿತು. ಸ್ಪಿನಾಕ್ಸ್, ಗ್ರಾಸಿಲಿಸ್ಪಿನಿಸ್, ಲೂಸಿಫರ್ ಮತ್ತು ಪುಸಿಲಸ್ ಎಂಬ ಪ್ರಭೇದಗಳ ಹೆಸರಿನಿಂದ ಆ ಕವಲುಗಳನ್ನು ಕರೆಯುತ್ತಾರೆ. ಕುಟುಂಬದ ಹುಟ್ಟನ್ನು ಅದೇ ಅಧ್ಯಯನವು ಕ್ರಿಟೇಷಿಯಸ್ ಯುಗ ಮುಗಿದು ಮುಂದಿನ ಯುಗ ಆರಂಭವಾಗುವ ಸಂಧಿಕಾಲದ ಆಸುಪಾಸಿಗೆ, ಅಂದರೆ ದೈತ್ಯ ಸರೀಸೃಪಗಳು ಅಳಿದ ಕಾಲದ ಹತ್ತಿರಕ್ಕೆ ಒಯ್ಯಿತು. ಆ ನಾಲ್ಕು ಕವಲುಗಳು ಕೇವಲ ಡಿಎನ್‌ಎಯಲ್ಲಿ ಅಡಗಿರದೆ ಮೀನಿನ ಮೈಮೇಲೂ ಬರೆದಿಟ್ಟಂತಿದ್ದವು. ಲೂಸಿಫರ್ ಕವಲಿನಲ್ಲಿ ಚರ್ಮದ ಹುರುಪೆಗಳು ಬಾಚಿದ ಕೂದಲಿನಂತೆ ಉದ್ದುದ್ದ ಸಾಲುಗಳಲ್ಲಿ ನಿಂತಿರುತ್ತವೆ. ಪುಸಿಲಸ್ ಕವಲಿನಲ್ಲಿ ಅವು ಮೊನೆಯಿಲ್ಲದ ಮೊಟಕು ದಿಮ್ಮಿಗಳಂತಿದ್ದು ಮೈ ನುಣುಪಾಗಿ ಕಾಣುತ್ತದೆ. ಹುರುಪೆಗಿಂತಲೂ ಖಚಿತವಾದ ಗುರುತು ಮೀನಿನ ಪಕ್ಕೆಯ ಮೇಲಿದೆ: ಹೊಟ್ಟೆಯ ಈಜುರೆಕ್ಕೆಗಳ ಹಿಂದೆ, ಬಾಲದ ಬುಡದ ಕಡೆಗೆ ಚಾಚಿಕೊಂಡ ಕಪ್ಪು ಪಟ್ಟೆ. ಅದರ ಒಂದು ತೋಳು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋಗುತ್ತದೆ, ಎರಡರ ಉದ್ದದ ಪ್ರಮಾಣ ಮತ್ತು ಬಾಗು ಒಂದೊಂದು ಕವಲಿನಲ್ಲಿ ಒಂದೊಂದು ಬಗೆ. ಲೂಸಿಫರ್ ಬಳಗದ ಸಮೀಪದ ಪ್ರಭೇದಗಳನ್ನು ಬೇರ್ಪಡಿಸುವಾಗ ವರ್ಗೀಕರಣಕಾರರು ಮೊದಲು ಅಳತೆ ಮಾಡುವುದು ಈ ಪಟ್ಟೆಯನ್ನೇ.

ಪಟ್ಟೆ ಕಪ್ಪಾಗಿರುವುದು ಹಗಲಿನಲ್ಲಿ, ಹಡಗಿನ ಮೇಲೆ, ಸತ್ತ ಮೀನಿನಲ್ಲಿ. ಆಳದ ಕತ್ತಲಿನಲ್ಲಿ ಅದೇ ಪಟ್ಟೆ ಬೆಳಗುತ್ತದೆ. ಕಪ್ಪಾಗಿ ಕಾಣುವುದು ಅಲ್ಲಿ ದಟ್ಟವಾಗಿ ನೆಲೆಸಿದ ಬೆಳಕಿನ ಅಂಗಗಳ ಕಪ್ಪು ಪೊರೆಯಿಂದ. ಒಂದೊಂದು ಅಂಗವೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಬೆಳಕು ಹೊರಡಿಸುವ ಕೋಶಗಳನ್ನು ಕಪ್ಪು ಬಣ್ಣದ ಬಟ್ಟಲಿನಲ್ಲಿ ಇಟ್ಟು, ಮೇಲೆ ಮಸೂರದಂಥ ಕೋಶಗಳನ್ನು ಮುಚ್ಚಿ, ನಡುವೆ ತೆರೆದು ಮುಚ್ಚುವ ಪಾಪೆಯಂಥದೊಂದನ್ನು ಅಳವಡಿಸಿದಂತೆ ಅದರ ರಚನೆ. ಬೆಳಕಿರುವ ಮೂಳೆಮೀನುಗಳಲ್ಲಿ ಸಾಮಾನ್ಯವಾಗಿ ನರಗಳು ಮಾಡುವ ಕೆಲಸವನ್ನು ಇವುಗಳಲ್ಲಿ ಹಾರ್ಮೋನುಗಳು ಮಾಡುತ್ತವೆ ಎಂಬುದನ್ನು 2009ರಲ್ಲಿ ಬೆಲ್ಜಿಯಂನ ಜೂಲಿಯನ್ ಕ್ಲೇಸ್ ಮತ್ತು ಜೆರೋಮ್ ಮಲ್ಲೆಫೆ ಸ್ಪಿನಾಕ್ಸ್ ಪ್ರಭೇದದ ಚರ್ಮದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಮೆಲಟೋನಿನ್ ನಿಧಾನವಾಗಿ ಬೆಳಗಿಸಿ ಬಹಳ ಹೊತ್ತು ಉರಿಸುತ್ತದೆ, ಪ್ರೊಲ್ಯಾಕ್ಟಿನ್ ಬೇಗ ಬೆಳಗಿಸುತ್ತದೆ, ಚರ್ಮದ ಬಣ್ಣವನ್ನು ಗಾಢಗೊಳಿಸುವ ಇನ್ನೊಂದು ಹಾರ್ಮೋನು ದೀಪವನ್ನು ಆರಿಸುತ್ತದೆ. ಇವು ಶಾರ್ಕ್‌ಗಳ ಮೈಬಣ್ಣವನ್ನು ತಿಳಿಯಾಗಿಸುವ ಅಥವಾ ಕಪ್ಪಾಗಿಸುವ ಹಳೆಯ ವ್ಯವಸ್ಥೆಗೆ ಸೇರಿದ ಹಾರ್ಮೋನುಗಳಾದ್ದರಿಂದ, ಮೈಬಣ್ಣ ಬದಲಿಸುತ್ತಿದ್ದ ಉಪಾಯವೇ ಮುಂದೆ ಬೆಳಕಿನ ಪರದೆಯನ್ನು ಸರಿಸುವ ಮತ್ತು ಮುಚ್ಚುವ ಉಪಾಯವಾಯಿತೆಂದು ಅವರು ವಿವರಿಸಿದರು. ಇಡೀ ಕುಟುಂಬದ ಕುರಿತು ನಾನು ಓದಿರುವುದರಲ್ಲಿ ಇದಕ್ಕಿಂತ ಸೊಗಸಾದ ವಿವರಣೆ ಇನ್ನೊಂದಿಲ್ಲ.

ಹೊಟ್ಟೆಯ ಕೆಳಗಿನ ಬೆಳಕಿನ ಉದ್ದೇಶ ಮರೆಯಾಗುವುದು. ಕೆಳಗಿನಿಂದ ನೋಡುವ ಬೇಟೆಗಾರ ಮೀನಿಗೆ, ಮೇಲಿನಿಂದ ಇಳಿದುಬರುವ ಕೊನೆಯ ನೀಲಿ ಬೆಳಕಿನ ಎದುರು ಶಾರ್ಕ್‌ನ ಆಕಾರ ನೆರಳಾಗಿ ಕಾಣಬೇಕು. ಅಷ್ಟೇ ನೀಲಿಯನ್ನು ಹೊಟ್ಟೆಯಿಂದ ಹೊರಸೂಸಿ ಆ ನೆರಳನ್ನು ಅದು ಅಳಿಸಿಬಿಡುತ್ತದೆ. ಸ್ಪಿನಾಕ್ಸ್‌ನ ಮರಿಗಳು ತಾಯಿಯ ಒಡಲಿನಲ್ಲಿರುವಾಗಲೇ ಬೆಳಗಲು ಆರಂಭಿಸುವುದು, ಹುಟ್ಟಿದ ಗಳಿಗೆಯಿಂದಲೇ ಈ ಮರೆ ಅವುಗಳಿಗೆ ಅಗತ್ಯವೆಂಬುದನ್ನು ಸೂಚಿಸುತ್ತದೆ. ಪಕ್ಕೆಯ ಪಟ್ಟೆಯ ಕತೆ ಬೇರೆ. ಅದು ಪಕ್ಕಕ್ಕೆ ಬೆಳಗುತ್ತದೆ, ಪಕ್ಕದಲ್ಲಿ ಈಜುತ್ತಿರುವ ಮತ್ತೊಂದು ಲಾಂದ್ರ ಶಾರ್ಕ್‌ಗೆ ಕಾಣುತ್ತದೆ. ಕಗ್ಗತ್ತಲಿನಲ್ಲಿ ತನ್ನವರನ್ನು ಗುರುತಿಸಲು, ಜೊತೆ ಹುಡುಕಲು ಅದು ನೆರವಾಗುತ್ತಿರಬಹುದೆಂಬ ವಿವರಣೆಗೆ ಬಲವಾದ ಆಧಾರಗಳಿವೆ. ಆಳಸಮುದ್ರದಲ್ಲಿ ಗಡಿ ಹಾಕುವಂಥದ್ದು ಏನೂ ಕಾಣದ ಜಾಗದಲ್ಲಿ ಒಂದೇ ಕುಲ ನಲವತ್ತಕ್ಕೂ ಹೆಚ್ಚು ಪ್ರಭೇದಗಳಾಗಿ ಒಡೆದದ್ದು ಹೇಗೆ ಎಂಬ ಪ್ರಶ್ನೆಗೆ ಈ ಪಟ್ಟೆಯಲ್ಲಿ ಉತ್ತರದ ಒಂದು ಭಾಗವಾದರೂ ಇರಬೇಕು. ಪಟ್ಟೆಯ ಆಕಾರ ತುಸು ಬೇರೆಯಾದರೆ ಜೊತೆಯ ಆಯ್ಕೆಯೂ ಬೇರೆಯಾಗುತ್ತದೆ, ಸಾವಿರಾರು ತಲೆಮಾರು ಕಳೆದ ಮೇಲೆ ವಂಶವೂ ಬೇರೆಯಾಗುತ್ತದೆ. ಹಾಗಿದ್ದಲ್ಲಿ ವರ್ಗೀಕರಣಕಾರ ಅಳತೆಪಟ್ಟಿ ಹಿಡಿದು ನೋಡುವ ಗುರುತನ್ನೇ ಆ ಮೀನುಗಳೂ ನೋಡಿಕೊಳ್ಳುತ್ತಿವೆ. ಹಲ್ಲಿನ ಸಾಕ್ಷ್ಯಕ್ಕಿಂತ ಪಕ್ಕೆಯ ಸಾಕ್ಷ್ಯ ಹೆಚ್ಚು ನಂಬಲರ್ಹವಾಗಿರುವುದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ.

ಬೆನ್ನಿನ ಮುಳ್ಳುಗಳನ್ನೂ ಬೆಳಕು ಬಿಟ್ಟಿಲ್ಲ. ಮುಳ್ಳಿನ ಹಿಂದೆ ಸಾಲಾಗಿ ನಿಂತ ಬೆಳಕಿನ ಅಂಗಗಳು ಅರೆಪಾರದರ್ಶಕವಾದ ಮುಳ್ಳನ್ನು ಹಿಂದಿನಿಂದ ಬೆಳಗಿ, ಇಲ್ಲಿ ಚುಚ್ಚುವ ವಸ್ತುವಿದೆ ಎಂದು ಮೇಲಿನಿಂದ ಎರಗುವವರಿಗೆ ಎಚ್ಚರಿಕೆ ಕೊಡುತ್ತಿರಬಹುದೆಂದು 2013ರಲ್ಲಿ ಅದೇ ಬೆಲ್ಜಿಯಂ ತಂಡ ಸೂಚಿಸಿತು. ಕೆಳಗಿನವರಿಗೆ ಕಾಣದಂತೆ, ಪಕ್ಕದವರಿಗೆ ಪರಿಚಯವಾಗುವಂತೆ, ಮೇಲಿನವರು ಹೆದರುವಂತೆ ಒಂದೇ ಮೈಯಲ್ಲಿ ಮೂರು ಬಗೆಯ ದೀಪಗಳು.

ಗುರುತುಗಳು ಇಷ್ಟು ಚೆನ್ನಾಗಿದ್ದರೂ ಮೀನು ಕೈಗೆ ಸಿಗುವ ಸ್ಥಿತಿ ಮಾತ್ರ ಚೆನ್ನಾಗಿರುವುದಿಲ್ಲ. ನೂರಾರು ಮೀಟರ್ ಕೆಳಗಿನಿಂದ ಬಲೆಯಲ್ಲಿ ಉಜ್ಜಿಕೊಂಡು ಬರುವಾಗ ತೆಳ್ಳನೆಯ ಚರ್ಮ ತರಚಿಹೋಗುತ್ತದೆ, ಅದರೊಂದಿಗೆ ಪಟ್ಟೆಯೂ ಹೋಗುತ್ತದೆ. ಆಗ ಒಳಗೆ ನೋಡಬೇಕಾಗುತ್ತದೆ. 1839ರಲ್ಲಿ ಲೋ ಎಂಬುವರು ವಿವರಿಸಿದ ಎಟ್ಮಾಪ್ಟೆರಸ್ ಪುಸಿಲಸ್ ಎಂದು ಬಹುಕಾಲ ಎಣಿಸಲಾಗಿದ್ದ ಮೀನುಗಳ ನಡುವೆ ಇನ್ನೊಂದು ಪ್ರಭೇದ ಬೆರೆತಿತ್ತು. ಅದನ್ನು ಶಿರಾಯಿ ಮತ್ತು ತಚಿಕಾವಾ 1993ರಲ್ಲಿ ಎಟ್ಮಾಪ್ಟೆರಸ್ ಬಿಗೆಲೋವಿ ಎಂದು ಬೇರ್ಪಡಿಸಿದರು. ಹೊರಗಿನಿಂದ ಎರಡೂ ಒಂದೇ ಅಚ್ಚು. ಕರುಳಿನೊಳಗೆ ಸುರುಳಿಯಾಗಿ ಸಾಗುವ ಕವಾಟದ ಸುತ್ತುಗಳನ್ನು ಎಣಿಸಿದರೆ ಮಾತ್ರ ಪುಸಿಲಸ್‌ನಲ್ಲಿ 10ರಿಂದ 13, ಬಿಗೆಲೋವಿಯಲ್ಲಿ 16ರಿಂದ 19 ಸಿಗುತ್ತವೆ. ಮೀನಿನ ಹೊಟ್ಟೆ ಸೀಳಿ ಕರುಳಿನ ಸುತ್ತುಗಳನ್ನು ಎಣಿಸುವಷ್ಟು ತಾಳ್ಮೆ ಇದ್ದವರಿಂದ ಈ ವಿದ್ಯೆ ಬೆಳೆದಿದೆ ಎಂಬುದನ್ನು ನೆನೆದಾಗಲೆಲ್ಲ ಅವರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಹೊಸ ಪ್ರಭೇದಗಳೂ ನಿಂತಿಲ್ಲ. ಸ್ಪೇನಿನ ಸಂಶೋಧನಾ ಹಡಗು ಮಿಗೆಲ್ ಒಲಿವರ್ ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯಾಚೆ ಸಂಗ್ರಹಿಸಿದ, 836ರಿಂದ 1,443 ಮೀಟರ್ ಆಳದಲ್ಲಿ ವಾಸಿಸುವ ಕಡುಗಪ್ಪು ಶಾರ್ಕ್ 2015ರಲ್ಲಿ ಎಟ್ಮಾಪ್ಟೆರಸ್ ಬೆಂಚ್ಲೀಯೈ ಎಂದು ಹೆಸರು ಪಡೆಯಿತು. ನಿಂಜಾ ಲಾಂದ್ರ ಶಾರ್ಕ್ ಎಂಬ ಅದರ ಬಳಕೆಯ ಹೆಸರನ್ನು ಸೂಚಿಸಿದವರು ಮಕ್ಕಳು. ಹವಾಯಿಯ ವಾಯವ್ಯ ದ್ವೀಪಗಳ ಬಳಿ ಸಿಕ್ಕಿದ ಎಟ್ಮಾಪ್ಟೆರಸ್ ಲೈಲೇಯ ಮಾದರಿಗಳು 2017ರಲ್ಲಿ ಹೆಸರು ಪಡೆಯುವ ಮುನ್ನ ಸುಮಾರು 17 ವರ್ಷ ಕಾದಿದ್ದವು. ಪಶ್ಚಿಮ ಆಸ್ಟ್ರೇಲಿಯಾದ ಎಟ್ಮಾಪ್ಟೆರಸ್ ವೆಸ್ಟ್ರಾಲಿಯೆನ್ಸಿಸ್ 2025ರಲ್ಲಿ ಸೇರಿಕೊಂಡಿತು.

ಇದಕ್ಕೆ ಉಲ್ಟಾ ದಿಕ್ಕಿನ ತಿದ್ದುಪಡಿಯೂ ಅಷ್ಟೇ ಮುಖ್ಯ. 1880ರಲ್ಲಿ ಗುಂಥರ್ ವಿವರಿಸಿದ ದಕ್ಷಿಣ ಅಮೆರಿಕದ ಗ್ರಾನುಲೋಸಸ್ ಮತ್ತು 1957ರಲ್ಲಿ ಗ್ಯಾರಿಕ್ ವಿವರಿಸಿದ ನ್ಯೂಜಿಲೆಂಡಿನ ಬ್ಯಾಕ್ಸ್ಟರಿ ಎರಡು ಪ್ರಭೇದಗಳೆಂದು ದಶಕಗಳ ಕಾಲ ಪಟ್ಟಿಗಳಲ್ಲಿದ್ದವು. ಸ್ಟ್ರಾಬೆ ಮತ್ತು ಸಂಗಡಿಗರು ಅವುಗಳ ಡಿಎನ್‌ಎಯನ್ನು ಹೋಲಿಸಿದ ಬಳಿಕ ಅವೆರಡೂ ಒಂದೇ ಎಂಬ ತೀರ್ಮಾನಕ್ಕೆ ಬರಲಾಯಿತು, ಹಿರಿಯ ಹೆಸರಾದ ಗ್ರಾನುಲೋಸಸ್ ಉಳಿಯಿತು. ಒಂದು ಪ್ರದೇಶಕ್ಕೆ ಸೀಮಿತವೆಂದುಕೊಂಡಿದ್ದ ಮೀನು ದಕ್ಷಿಣ ಗೋಳಾರ್ಧದ ಸಾಗರಗಳ ಉದ್ದಕ್ಕೂ ಹರಡಿದ ಮೀನಾಗಿಬಿಟ್ಟಿತು. ಇದರ ಪರಿಣಾಮ ಪುಸ್ತಕದ ಪುಟಕ್ಕೆ ನಿಲ್ಲುವುದಿಲ್ಲ. ಆಳದ ಟ್ರಾಲರ್‌ಗಳಲ್ಲೂ ಉದ್ದ ಗಾಳದ ಹಗ್ಗಗಳಲ್ಲೂ ಲಾಂದ್ರ ಶಾರ್ಕ್‌ಗಳು ಬೇರೆ ಮೀನಿಗಾಗಿ ಹಾಕಿದ ಬಲೆಗೆ ಅನಪೇಕ್ಷಿತವಾಗಿ ಬೀಳುತ್ತವೆ, ನಿಧಾನವಾಗಿ ಬೆಳೆದು ಕೆಲವೇ ಮರಿಗಳನ್ನು ಹಾಕುವ ಇವುಗಳು ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾರವು. ಪುಸಿಲಸ್ ಮತ್ತು ಬಿಗೆಲೋವಿ ಒಂದೇ ಹೆಸರಿನಡಿ ದಾಖಲಾಗುತ್ತಿರುವ ತನಕ ಅವುಗಳಲ್ಲೊಂದು ವಿರಳವಾಗುತ್ತಿದ್ದರೂ ಲೆಕ್ಕದಲ್ಲಿ ಅದು ಕಾಣಿಸುವುದಿಲ್ಲ. ಶಾರ್ಕ್ ಎಂದಷ್ಟೇ ಬರೆದ ದಾಖಲೆಯಿಂದಂತೂ ಏನನ್ನೂ ತಿಳಿಯಲಾಗುವುದಿಲ್ಲ. ಹೆಸರು ಸರಿಯಾಗಿರಬೇಕೆಂಬ ನನ್ನ ಹಟಕ್ಕೆ ಇರುವ ಬಲವಾದ ಕಾರಣ ಇದು.

ಪುಟದ ಮೇಲ್ತುದಿಯಲ್ಲಿ, ಕುಟುಂಬವು ಗಣದ ಕಾಂಡಕ್ಕೆ ಕೂಡುವ ಕಡೆ, ಈಚೆಗೆ ಮತ್ತೊಂದು ಗೆರೆಯನ್ನು ಎಳೆದಿದ್ದೇನೆ. ಶಾರ್ಕ್‌ಗಳಲ್ಲಿ ಬೆಳಕು ಸೂಸುವುದು ಲಾಂದ್ರ ಶಾರ್ಕ್‌ಗಳಿಗೆ ಮಾತ್ರ ಸೀಮಿತವಲ್ಲ. ಡಲಾಟಿಯಿಡೇ ಕುಟುಂಬದವೂ ಬೆಳಗುತ್ತವೆ. 2020ರ ಜನವರಿಯಲ್ಲಿ ನ್ಯೂಜಿಲೆಂಡಿನ ಚಾಥಮ್ ರೈಸ್ ಎಂಬ ಸಮುದ್ರದಡಿಯ ದಿಬ್ಬದ ಬಳಿ ಹಿಡಿದ ಡಲಾಟಿಯಾಸ್ ಲಿಕಾ ಮತ್ತು ಎರಡು ಲಾಂದ್ರ ಶಾರ್ಕ್ ಪ್ರಭೇದಗಳ ಬೆಳಕನ್ನು ಮಲ್ಲೆಫೆ ಮತ್ತು ಸಂಗಡಿಗರು ಚಿತ್ರೀಕರಿಸಿ ಮರುವರ್ಷ ಪ್ರಕಟಿಸಿದರು. ಸುಮಾರು 1.8 ಮೀಟರ್ ಬೆಳೆಯುವ ಡಲಾಟಿಯಾಸ್, ಬೆಳಕು ಸೂಸುವ ಕಶೇರುಕಗಳಲ್ಲಿ ಇದುವರೆಗೆ ತಿಳಿದಿರುವ ಅತಿ ದೊಡ್ಡದು. ಈ ಎರಡು ಕುಟುಂಬಗಳಲ್ಲಿ ಬೆಳಕು ಎರಡು ಸಲ ಬೇರೆ ಬೇರೆಯಾಗಿ ಹುಟ್ಟಿತೇ, ಅಥವಾ ಒಬ್ಬನೇ ಪೂರ್ವಜನಿಂದ ಬಂದಿತೇ ಎಂಬ ಚರ್ಚೆಯ ನಡುವೆ, ಇವೆರಡಕ್ಕೂ ಹತ್ತಿರದ ಸೋಮ್ನಿಯೋಸಿಡೇ ಕುಟುಂಬದ ಝಾಮಿಯಸ್ ಸ್ಕ್ವಾಮುಲೋಸಸ್ ಎಂಬ ಶಾರ್ಕ್‌ನ ಚರ್ಮದಲ್ಲಿಯೂ ಬೆಳಕಿನ ಅಂಗಗಳು ಪತ್ತೆಯಾದವು, ಮುಂದೆ ಅದು ಬೆಳಗುವುದೂ ದೃಢಪಟ್ಟಿತು. ಮೂರು ಕುಟುಂಬಗಳಲ್ಲಿ ಒಂದೇ ಬಗೆಯ ದೀಪ ಕಂಡಾಗ ಒಂದೇ ಮೂಲದ ವಾದಕ್ಕೆ ತೂಕ ಹೆಚ್ಚುತ್ತದೆ. ಆ ಮೂಲದ ಬಿಂದುವನ್ನು ಮೂರೂ ಕೊಂಬೆಗಳು ಕೂಡುವ ಜಾಗದಲ್ಲಿ ಗುರುತಿಸಿದ್ದೇನೆ, ಅದನ್ನೂ ಪೆನ್ಸಿಲ್ಲಿನಲ್ಲೇ.